ಕಾರ್ಡಿನಲ್ಲಿ ಬೂದು, ಗೋಡೆಯ ಮೇಲೆ ನೇರಳೆ: ಕೋಣೆಯ ಬಣ್ಣಗಳನ್ನು ಹೋಲಿಸಿ ನೋಡುವುದು ಹೇಗೆ?

ಪ್ರಶ್ನೆ: ನಮ್ಮ ಕೋಣೆ 12 ಅಡಿ ಉದ್ದ, 10 ಅಡಿ ಅಗಲ. ಒಂದೇ ಕಿಟಕಿ, ಅದರಾಚೆ ದೊಡ್ಡ ಮರ. ನೆಲ ಇಟ್ಟಿಗೆ ಕೆಂಪು. ಗೋಡೆಗೆ ಈಗ ಇರುವುದು ಗಾಢ ಹಳದಿ. ಹಗಲು ಅಲ್ಲೇ ಕೂತು ಕೆಲಸ ಮಾಡುತ್ತೇನೆ, ರಾತ್ರಿ ಅಲ್ಲೇ ಮಲಗುತ್ತೇವೆ. ಹೊಸ ಬಣ್ಣಕ್ಕೆ ತಿಳಿ ಬೂದು, ಕೆನೆಬಿಳಿ, ಮಾಸಲು ತಿಳಿಹಸಿರು ಈ ಮೂರನ್ನು ಆರಿಸಿಕೊಂಡು, ಗೋಡೆಯ ಮೇಲೆ ಪಕ್ಕಪಕ್ಕದಲ್ಲಿ ಅಂಗೈಯಗಲದ ಮೂರು ಪಟ್ಟಿ ಬಳಿದು ನೋಡಿದೆವು. ಪೇಂಟ್ ಅಂಗಡಿಯ ಬಣ್ಣದ ಕಾರ್ಡಿನಲ್ಲಿ ಅಚ್ಚ ಬೂದಾಗಿದ್ದದ್ದು ಗೋಡೆಯ ಮೇಲೆ ನೇರಳೆ ಹೊಡೆಯುತ್ತದೆ, ಸಂಜೆಯಂತೂ ಇನ್ನೂ ಜಾಸ್ತಿ. ಕೆನೆಬಿಳಿ ಮಾತ್ರ ಬೆಳ್ಳಗೆ, ಚೊಕ್ಕಟವಾಗಿ ಕಾಣುತ್ತದೆ. ಅದೇ ಸೇಫ್ ಅನ್ನುತ್ತಾರೆ ಮನೆಯವರು. ಹಸಿರು ಹಗಲು ಚೆನ್ನ, ರಾತ್ರಿ ಮಂಕು. ಇದರ ಮೇಲೆ, ನಾನು ಹಸಿರು ಅನ್ನುವುದು ನಮ್ಮಣ್ಣನಿಗೆ ಬೂದಿನ ಹಾಗೇ ಕಾಣುತ್ತದಂತೆ! ಯಾರ ಕಣ್ಣನ್ನು ನಂಬೋಣ?

ಉತ್ತರ: ಮೂರರಲ್ಲಿ ಯಾವುದನ್ನೂ ಈಗಲೇ ಒಪ್ಪಬೇಡಿ, ಯಾವುದನ್ನೂ ಈಗಲೇ ಬಿಡಲೂ ಬೇಡಿ. ನಿಮಗೆ ಕಂಡದ್ದು ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧ ಹೊಸ ಬಣ್ಣದ್ದು, ಇನ್ನರ್ಧ ಸುತ್ತ ಇರುವ ಹಳೇ ಹಳದಿಯದ್ದು. ಆ ಹಳದಿ ಮುಚ್ಚಿಹೋದ ದಿನ ಈ ಮೂರು ಪಟ್ಟಿಗಳೂ ಬೇರೆಯಾಗಿ ಕಾಣುತ್ತವೆ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಪಕ್ಕದಲ್ಲಿ ಏನಿದೆಯೋ ಅದರ ಜೊತೆ ತೂಗಿಯೇ ನೋಡುತ್ತದೆ. ಪಕ್ಕದ್ದು ಕಡು ಹಳದಿಯಾಗಿದ್ದರೆ, ನಡುವೆ ಇರುವ ಬಣ್ಣದಿಂದ ಒಂದಷ್ಟು ಹಳದಿಯನ್ನು ಕಳೆದುಬಿಡುತ್ತದೆ. ಹಳದಿ ಕಳೆದ ಬೂದು ಅದರ ಎದುರು ಬಣ್ಣದ ಕಡೆಗೆ, ಅಂದರೆ ನೀಲಿ-ನೇರಳೆಯ ಕಡೆಗೆ ವಾಲುತ್ತದೆ. ನಿಮಗೆ ಕಂಡ ನೇರಳೆ ಇದೇ.

ಇದು ತುಂಬಾ ಹಳೇ ಕಥೆ. 1820ರ ದಶಕದಲ್ಲಿ ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಮಿಶೆಲ್ ಯೂಜೀನ್ ಶೆವ್ರಲ್ ಎಂಬ ರಸಾಯನ ವಿಜ್ಞಾನಿ ನೂಲಿಗೆ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲಿಗೆ ಕಸುವಿಲ್ಲ, ಮಂಕಾಗಿ ಕಾಣುತ್ತದೆ ಎಂದು ದೂರು ಬಂತು. ಬೇರೆ ಕಡೆಯ ಕಪ್ಪು ನೂಲಿನ ಜೊತೆ ಇಟ್ಟು ನೋಡಿದರೆ ಇವರ ನೂಲಿನಲ್ಲಿ ಕೊರತೆಯೇ ಇರಲಿಲ್ಲ. ನೇಯುವಾಗ ಅದರ ಪಕ್ಕ ಬರುತ್ತಿದ್ದ ನೀಲಿ, ನೇರಳೆ ನೂಲುಗಳೇ ಕಪ್ಪಿನ ಕಳೆ ಇಳಿಸುತ್ತಿದ್ದವು. ಶೆವ್ರಲ್ ವರ್ಷಗಟ್ಟಲೆ ಇದನ್ನೇ ಪರೀಕ್ಷಿಸಿ 1839ರಲ್ಲಿ ಪ್ರಕಟಿಸಿದರು. ಪಕ್ಕಪಕ್ಕದ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ ಎನ್ನುವುದು ಅದರ ಸಾರ. ನಿಮ್ಮ ಗೋಡೆಯ ಮೇಲೆ ಆಗುತ್ತಿರುವುದೂ ಅದೇ.

ಈಗ ಕೆನೆಬಿಳಿಗೆ ಬನ್ನಿ. ಅದು ಬೆಳ್ಳಗೆ ಕಾಣುತ್ತದೆ, ಸೇಫ್ ಅಂದಿರಲ್ವಾ? ನನಗೆ ಮೂರರಲ್ಲಿ ಜಾಸ್ತಿ ಅನುಮಾನ ಇರುವುದು ಅದರ ಮೇಲೇ. ಬೂದನ್ನು ನೇರಳೆ ಮಾಡಿದ ಹಳದಿ ಗೋಡೆಯೇ ಕೆನೆಬಿಳಿಯಲ್ಲಿರುವ ಹಳದಿಯನ್ನೂ ಅಡಗಿಸಿದೆ. ಅಷ್ಟು ದೊಡ್ಡ ಹಳದಿಯ ಮುಂದೆ ಇಷ್ಟು ಚಿಕ್ಕ ಹಳದಿ ಲೆಕ್ಕಕ್ಕೇ ಬರಲಿಲ್ಲ. ನಾಳೆ ನಾಲ್ಕೂ ಗೋಡೆಗೆ ಅದನ್ನೇ ಬಳಿದಾಗ ಹೋಲಿಸಲು ಹಳೇ ಹಳದಿ ಇರುವುದಿಲ್ಲ. ಆಗ ಕೆನೆಯ ಹಳದಿ ತಾನಾಗಿ ಎದ್ದು ಕಾಣುತ್ತದೆ. ಹಸಿರಿನ ಗತಿಯೂ ಇಷ್ಟೇ. ಹಳದಿಯ ಪಕ್ಕ ಅದು ಇರುವುದಕ್ಕಿಂತ ತುಸು ನೀಲಿಯಾಗಿ ಕಂಡಿರುತ್ತದೆ.

ಸಂಜೆ ನೇರಳೆ ಹೆಚ್ಚಾಗುವುದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ಹೊತ್ತು ಮುಳುಗುವಾಗ ದೀಪ ಹಾಕುತ್ತೀರಿ. ಕೋಣೆಯಲ್ಲಿ ಆಗ ಎರಡು ಬೆಳಕು. ಬಲ್ಬಿನದ್ದು ಹಳದಿ, ಕಿಟಕಿಯಿಂದ ಬರುವ ಆಕಾಶದ್ದು ನೀಲಿ. ಕಣ್ಣು ಬಲ್ಬಿಗೆ ಒಗ್ಗಿಕೊಂಡು ಅದನ್ನೇ ಬಿಳಿ ಬೆಳಕು ಅಂದುಕೊಳ್ಳುತ್ತದೆ. ಆಗ ಕಿಟಕಿಯ ಬೆಳಕು ಬಿದ್ದ ಜಾಗವೆಲ್ಲ ನೀಲಿಗೆ, ನೇರಳೆಗೆ ತಿರುಗುತ್ತದೆ. ಒಂದು ಸಂಜೆ ಇದನ್ನು ಕಣ್ಣಾರೆ ನೋಡಿ. ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಮೇಲೊಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ. ಒಂದು ಪಕ್ಕ ಬಲ್ಬು, ಇನ್ನೊಂದು ಪಕ್ಕ ಮುಸ್ಸಂಜೆಯ ಕಿಟಕಿ ಇರಲಿ. ಪೆನ್ಸಿಲಿಗೆ ಎರಡು ನೆರಳು ಬೀಳುತ್ತವೆ. ಒಂದು ನೀಲಿ, ಇನ್ನೊಂದು ಹಳದಿ-ಕಿತ್ತಳೆ. ಒಂದೇ ಬಿಳಿ ಹಾಳೆ! ನಿಮ್ಮ ಬೂದು ಗೋಡೆ ಸಂಜೆ ಹೊತ್ತು ಆ ನೀಲಿ ನೆರಳಿನ ಸ್ಥಿತಿಯಲ್ಲಿರುತ್ತದೆ. ಬೂದು ಬಣ್ಣಕ್ಕೆ ತನ್ನದೇ ಆದ ಗಟ್ಟಿ ಬಣ್ಣ ಇಲ್ಲ, ಹಾಗಾಗಿ ಬೆಳಕು ಎತ್ತ ಎಳೆದರೆ ಅತ್ತ ಹೋಗುತ್ತದೆ. ಜನ ಬೂದನ್ನು ಸುಲಭದ ಆಯ್ಕೆ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಅದರಷ್ಟು ಕಷ್ಟದ ಬಣ್ಣ ಇನ್ನೊಂದಿಲ್ಲ.

ನಿಮ್ಮ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಇದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಮೂರು ಬಣ್ಣಗಳನ್ನು ಪಕ್ಕಪಕ್ಕ ಇಟ್ಟಾಗ ನೀವು ನಿಜಕ್ಕೂ ಏನನ್ನು ಹೋಲಿಸುತ್ತಿದ್ದೀರಿ? ಆಲ್ಬರ್ಟ್ ಮನ್ಸೆಲ್ ಎಂಬ ಅಮೆರಿಕದ ಚಿತ್ರಕಾರರು 1905ರಲ್ಲಿ ಬಣ್ಣವನ್ನು ಮೂರು ಅಳತೆಗಳಲ್ಲಿ ಹೇಳುವ ಪದ್ಧತಿ ಮುಂದಿಟ್ಟರು. ಯಾವ ಬಣ್ಣ, ಅಂದರೆ ಕೆಂಪೋ ಹಸಿರೋ ನೀಲಿಯೋ. ಎಷ್ಟು ತಿಳಿ, ಎಷ್ಟು ಗಾಢ. ಎಷ್ಟು ತೀವ್ರ, ಅಂದರೆ ಮಾಸಲೋ ಕಣ್ಣಿಗೆ ಹೊಡೆಯುವಂಥದ್ದೋ. ನಿಮ್ಮ ಮೂರು ಬಣ್ಣಗಳು ಈ ಮೂರರಲ್ಲೂ ಬೇರೆಬೇರೆ ಇರಬಹುದು. ಕೆನೆಬಿಳಿ ಎಲ್ಲಕ್ಕಿಂತ ತಿಳಿ. ಹಸಿರು ಅದಕ್ಕಿಂತ ಎರಡು ಮೆಟ್ಟಿಲು ಗಾಢ ಇರಬಹುದು. ಹೀಗಿರುವಾಗ ಕೆನೆಬಿಳಿ ಇಷ್ಟವಾಯಿತು ಅಂದರೆ ಅದು ಕೆನೆ ಎನ್ನುವ ಕಾರಣಕ್ಕೋ, ಸುಮ್ನೆ ತಿಳಿ ಎನ್ನುವ ಕಾರಣಕ್ಕೋ? ಎಷ್ಟೋ ಸಲ ಎರಡನೆಯದೇ ನಿಜ. ಹಸಿರನ್ನು ಅಷ್ಟೇ ತಿಳಿ ಮಾಡಿ ತೋರಿಸಿದರೆ ಅದೇ ಜನ ಹಸಿರು ಬೇಕು ಅನ್ನುತ್ತಾರೆ.

ಹಾಗಾಗಿ ಮೊದಲು ಮೂರನ್ನೂ ತಿಳಿ-ಗಾಢದಲ್ಲಿ ಒಂದೇ ಮಟ್ಟಕ್ಕೆ ತನ್ನಿ. ಇದಕ್ಕೊಂದು ಸಂಖ್ಯೆಯೇ ಇದೆ, ಎಲ್‌ಆರ್‌ವಿ ಅನ್ನುತ್ತಾರೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಗೋಡೆಯಿಂದ ವಾಪಸ್ ಬರುತ್ತದೆ ಎನ್ನುವ ಲೆಕ್ಕ ಅದು. ಬೆಳ್ಳನೆಯ ಪೇಂಟ್ 85ರಿಂದ 90ರ ಆಸುಪಾಸು ಇರುತ್ತದೆ, ಕಪ್ಪು ಪೇಂಟ್ 5ರ ಆಸುಪಾಸು. ಅನೇಕ ಪೇಂಟ್ ತಯಾರಕರು ಇದನ್ನು ಕಾರ್ಡಿನ ಹಿಂಬದಿಯಲ್ಲೋ ಬಣ್ಣದ ವಿವರದಲ್ಲೋ ಕೊಟ್ಟಿರುತ್ತಾರೆ. ಸಂಖ್ಯೆ ಸಿಗದಿದ್ದರೆ ಎರಡು ಕಾರ್ಡುಗಳನ್ನು ಅಂಚಿಗೆ ಅಂಚು ತಾಗಿಸಿ ಹಿಡಿಯಿರಿ. ರೆಪ್ಪೆ ಅರ್ಧ ಮುಚ್ಚಿ, ಕಣ್ಣು ಕಿರಿದು ಮಾಡಿ ನೋಡಿ. ಎರಡೂ ಒಂದೇ ಮಟ್ಟದಲ್ಲಿದ್ದರೆ ನಡುವಿನ ಗೆರೆ ಕರಗಿಹೋಗುತ್ತದೆ. ಗೆರೆ ಎದ್ದು ಕಂಡರೆ ಒಂದು ಗಾಢ, ಒಂದು ತಿಳಿ ಎಂದರ್ಥ.

ಒಂದೇ ಕಿಟಕಿ, ಅದಕ್ಕೂ ಮರದ ಅಡ್ಡ. ಇಂಥ ಕೋಣೆಗೆ ಎಲ್‌ಆರ್‌ವಿ 60ರಿಂದ 75ರ ಒಳಗೆ ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಮೂರೂ ಬಣ್ಣಗಳನ್ನು 68-70ರ ಹತ್ತಿರ ತಂದುಕೊಂಡರೆ ಆಗ ಹೋಲಿಕೆಗೆ ಅರ್ಥ ಬರುತ್ತದೆ. ಬೆಳಕು ಕಡಿಮೆ ಇದ್ದರೆ ಅಚ್ಚ ಬಿಳಿಯೇ ಒಳ್ಳೆಯದಲ್ವಾ ಎಂದು ನೀವು ಕೇಳಬಹುದು. ಬಿಳಿ ಇರುವ ಬೆಳಕನ್ನು ಚೆನ್ನಾಗಿ ಹಂಚುತ್ತದೆ, ನಿಜ. ಆದರೆ ಇಲ್ಲದ ಬೆಳಕನ್ನು ತರುವುದಿಲ್ಲ. ಕಿಟಕಿಯಿಂದ ದೂರದ ಮೂಲೆಯಲ್ಲಿ ಅಚ್ಚ ಬಿಳಿ ಗೋಡೆ ತೊಳೆಯದ ಬಟ್ಟೆಯ ಹಾಗೆ ಕಾಣುತ್ತದೆ. ತುಸು ಬಣ್ಣ ಇರುವ ಗೋಡೆ ಅದೇ ಮೂಲೆಯಲ್ಲಿ ನೆರಳಿದ್ದರೂ ಕಳೆಗುಂದುವುದಿಲ್ಲ.

ಇನ್ನು ಕಾರ್ಡಿನ ಅಳತೆಯ ವಿಚಾರ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನನ್ನ ಓದುವ ಕೋಣೆಗೆ ಒಂದು ತಿಳಿ ಹಳದಿ ಆರಿಸಿದೆ. ಕಾರ್ಡಿನಲ್ಲಿ ಅದು ಎಳೆ ಬಿಸಿಲಿನ ಹಾಗಿತ್ತು, ಮುಟ್ಟಿದರೆ ಮಾಸುವಷ್ಟು ಮೆತ್ತಗೆ. ನಾಲ್ಕು ಗೋಡೆಗೂ ಎರಡು ಕೋಟ್ ಮುಗಿಸಿ ಮಾರನೇ ದಿನ ಬಾಗಿಲು ತೆಗೆದರೆ ಕಣ್ಣಿಗೆ ರಾಚುವ ಹಳದಿ. ಕೈಯಲ್ಲಿ ಹಿಡಿದ ಪುಸ್ತಕದ ಬಿಳಿ ಹಾಳೆಯೂ ಹಳದಿ. ಡಬ್ಬಿ ತಪ್ಪಿರಬೇಕು ಅಂದುಕೊಂಡು ಕಾರ್ಡನ್ನು ಗೋಡೆಗೆ ಒತ್ತಿ ನೋಡಿದೆ. ಕಾರ್ಡು ಎಲ್ಲಿದೆ ಎಂದೇ ಗೊತ್ತಾಗದಷ್ಟು ಹೊಂದಿಕೆ! ಅವತ್ತು ನಿಜಕ್ಕೂ ಅಳು ಬಂದಿತ್ತು. ಎರಡು ದಿನದ ಕೆಲಸ ಹಾಳಾಯಿತು.

ಆಮೇಲೆ ಲೆಕ್ಕ ಅರ್ಥವಾಯಿತು. ಗೋಡೆಗಳು ಒಂದಕ್ಕೊಂದು ಬೆಳಕು ಎಸೆದುಕೊಳ್ಳುತ್ತವೆ. ಪ್ರತಿ ಸಲ ತಗಲಿದಾಗಲೂ ಬೆಳಕಿಗೆ ಸ್ವಲ್ಪ ಬಣ್ಣ ಹತ್ತುತ್ತದೆ. ಒಂದು ಕೆನೆ ಬಣ್ಣವನ್ನು ತೆಗೆದುಕೊಳ್ಳಿ. ಅದು ಕೆಂಪು-ಹಳದಿ ಬೆಳಕಿನಲ್ಲಿ ನೂರಕ್ಕೆ 80, ನೀಲಿ ಬೆಳಕಿನಲ್ಲಿ ನೂರಕ್ಕೆ 70 ವಾಪಸ್ ಕಳಿಸುತ್ತದೆ ಅಂದುಕೊಳ್ಳೋಣ. ಒಂದು ಸಲ ತಗಲಿ ಬಂದಾಗ 80ಕ್ಕೆ 70, ವ್ಯತ್ಯಾಸ ಕಂಡೂ ಕಾಣದ ಹಾಗಿರುತ್ತದೆ. ಕಾರ್ಡಿನಲ್ಲಿ ನೀವು ನೋಡುವುದು ಇಷ್ಟನ್ನೇ. ಅದೇ ಬೆಳಕು ಮೂರು ಗೋಡೆ ತಗಲಿ ಬಂದರೆ ಕೆಂಪು-ಹಳದಿ ನೂರಕ್ಕೆ 51 ಉಳಿಯುತ್ತದೆ, ನೀಲಿ 34ಕ್ಕೆ ಇಳಿಯುತ್ತದೆ. ಅಂದರೆ ಒಂದೂವರೆ ಪಟ್ಟು ವ್ಯತ್ಯಾಸ. ಮೂಲೆಗಳಲ್ಲಿ ಬಣ್ಣ ಯಾವಾಗಲೂ ಕಡುವಾಗಿ ಕಾಣುವುದು ಇದಕ್ಕೇ. ತಿಳಿ ಬಣ್ಣಗಳಲ್ಲಿ ಇದು ಜಾಸ್ತಿ, ಯಾಕೆಂದರೆ ಅಲ್ಲಿ ಬೆಳಕು ಬೇಗ ಸಾಯುವುದಿಲ್ಲ, ತುಂಬಾ ಸಲ ಓಡಾಡುತ್ತದೆ. ಆದ್ದರಿಂದ ಹಳದಿ, ಕೆನೆ, ಗುಲಾಬಿ ಕಡೆಯ ಬಣ್ಣ ಇಷ್ಟವಾದರೆ, ಕಾರ್ಡಿನಲ್ಲಿ ಒಪ್ಪಿದ್ದಕ್ಕಿಂತ ಒಂದು ಹೆಜ್ಜೆ ಮಾಸಲಾದದ್ದನ್ನು ಆರಿಸಿ. ಕಾರ್ಡಿನಲ್ಲಿ ಅದು ಸಪ್ಪೆ ಅನ್ನಿಸಬೇಕು. ಗೋಡೆಗೆ ಬಂದಾಗ ಸರಿಹೋಗುತ್ತದೆ.

ಈ ಆಟದಲ್ಲಿ ನಿಮ್ಮ ಇಟ್ಟಿಗೆ ಕೆಂಪು ನೆಲವೂ ಇದೆ, ಹೊರಗಿನ ಮರವೂ ಇದೆ. ಕಿಟಕಿಯಿಂದ ಬಿದ್ದ ಬೆಳಕು ಮೊದಲು ತಗಲುವುದು ನೆಲಕ್ಕೆ. ಅಲ್ಲಿಂದ ಕೆಂಪಾಗಿ ಮೇಲೆದ್ದು ಗೋಡೆಯ ಕೆಳಭಾಗಕ್ಕೆ, ಛಾವಣಿಗೆ ಹೋಗುತ್ತದೆ. ಮರದ ಎಲೆಗಳ ಮೂಲಕ ಬಂದ ಬೆಳಕು ಹಸಿರು-ಹಳದಿ. ಇದನ್ನು ನೋಡುವುದು ಕಷ್ಟವಲ್ಲ. ನಡು ಮಧ್ಯಾಹ್ನ ಒಂದು ಬಿಳಿ ಹಾಳೆಯನ್ನು ಗೋಡೆಗೆ ಒತ್ತಿ, ನೆಲದಿಂದ ಒಂದು ಅಡಿ ಮೇಲೆ ಹಿಡಿಯಿರಿ. ಆಮೇಲೆ ನಿಧಾನವಾಗಿ ಭುಜದ ಮಟ್ಟಕ್ಕೆ ತನ್ನಿ. ಕೆಳಗೆ ಗುಲಾಬಿ ಛಾಯೆ, ಮೇಲೆ ಬಂದ ಹಾಗೆ ಅದು ಕಳೆಯುವುದು ಕಾಣುತ್ತದೆ. ಹಳದಿ ಗೋಡೆಯ ಪಾಲೂ ಈಗ ಅದರಲ್ಲಿ ಬೆರೆತಿರುತ್ತದೆ, ಅದನ್ನು ಮರೆಯಬೇಡಿ.

ಮೂರು ಬಣ್ಣಗಳ ಮೇಲೆ ಇದರ ಪರಿಣಾಮ ಬೇರೆಬೇರೆ. ಕೆನೆಬಿಳಿಗೆ ಕೆಂಪು ಸೇರಿದರೆ ಅದು ಕಿತ್ತಳೆ ಕಡೆಗೆ ಹೋಗುತ್ತದೆ. ಬೂದಿಗೆ ಸೇರಿದರೆ ಕೆಳಭಾಗ ಗುಲಾಬಿ, ಆಕಾಶದ ಬೆಳಕು ಬಿದ್ದ ಮೇಲ್ಭಾಗ ನೀಲಿ. ಎರಡೂ ಕೂಡಿ ಮತ್ತೆ ನೇರಳೆಯ ನೆನಪು. ಹಸಿರಿಗೆ ಸೇರಿದರೆ? ಕೆಂಪು ಮತ್ತು ಹಸಿರು ಎದುರಾಳಿಗಳು. ಕೆಂಪು ಬೆಳಕು ಹಸಿರಿನ ತೀವ್ರತೆಯನ್ನು ತಗ್ಗಿಸುತ್ತದೆ, ಬಣ್ಣ ಇನ್ನಷ್ಟು ಮೆತ್ತಗಾಗುತ್ತದೆ. ಮರದ ಬೆಳಕು ಕಳೆದುಹೋದ ಹಸಿರನ್ನು ಹಗಲು ಹೊತ್ತು ಅಷ್ಟಿಷ್ಟು ತುಂಬಿಕೊಡುತ್ತದೆ. ನಿಮ್ಮ ಕೋಣೆಗೆ ಹಸಿರು ಹೊಂದಬಹುದು ಎನ್ನುವ ನನ್ನ ಅಂದಾಜಿನ ಮೂಲ ಇದು.

ಹಾಗಾದರೆ ರಾತ್ರಿ ಅದು ಮಂಕಾಗುವುದೇಕೆ? ಬಲ್ಬಿನಿಂದ. ಬಲ್ಬಿನ ಡಬ್ಬಿಯ ಮೇಲೆ ಎರಡು ಸಂಖ್ಯೆ ಹುಡುಕಿ. ಒಂದು ಕೆಲ್ವಿನ್. 2700 ಅಂದರೆ ಬೆಚ್ಚನೆಯ ಹಳದಿ ಬೆಳಕು, 4000 ಹೆಚ್ಚುಕಡಿಮೆ ತಟಸ್ಥ, 6500 ನೀಲಿ ಬೆರೆತ ಬಿಳಿ. ಇನ್ನೊಂದು ಸಿಆರ್‌ಐ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎನ್ನುವುದಕ್ಕೆ ಅದು ಅಂಕ, 100 ಅದರ ಮೇಲ್ಮಿತಿ. ಸಾಧಾರಣ ಎಲ್‌ಇಡಿ ಬಲ್ಬು 80ರ ಹತ್ತಿರ ಇರುತ್ತದೆ. ಮನೆಯೊಳಗೆ 90 ಅಥವಾ ಅದಕ್ಕಿಂತ ಮೇಲಿನದ್ದನ್ನೇ ಹಾಕಿ ಎನ್ನುತ್ತೇನೆ ನಾನು. 2700 ಕೆಲ್ವಿನ್ ಬೆಳಕಿನಲ್ಲಿ ನೀಲಿ ಭಾಗ ತುಂಬಾ ಕಡಿಮೆ. ನೀಲಿ ಬೆರೆತ ಹಸಿರು, ನೀಲಿ ಬೆರೆತ ಬೂದು ಅದರ ಕೆಳಗೆ ಹೂಳು ನೀರಿನ ಹಾಗೆ ಕಾಣುತ್ತವೆ. ತುಸು ಹಳದಿ ಬೆರೆತ ಹಸಿರು ಅಷ್ಟು ಸೊರಗುವುದಿಲ್ಲ. ಇದರಿಂದ ಬರುವ ಮುಖ್ಯ ಮಾತು: ಮೊದಲು ಬಲ್ಬು ನಿಶ್ಚಯಿಸಿ, ಆಮೇಲೆ ಬಣ್ಣ. ಬಣ್ಣ ಬಳಿದ ಮೇಲೆ ಬಲ್ಬು ಬದಲಿಸಿದರೆ ಮಾಡಿದ ಹೋಲಿಕೆಯೆಲ್ಲ ನೀರುಪಾಲು. ಇನ್ನೊಂದು, ಹಗಲಲ್ಲಿ ಪರದೆಗೂ ಗೋಡೆಗೂ ಕೂಡಿಬಂದ ಹೊಂದಿಕೆ ರಾತ್ರಿ ಮುರಿದುಬೀಳುವುದುಂಟು. ಒಂದು ಬೆಳಕಿನಲ್ಲಿ ಒಂದೇ ಥರ ಕಂಡ ಎರಡು ವಸ್ತುಗಳು ಬೇರೆ ಬೆಳಕಿನಲ್ಲಿ ಬೇರೆಯಾಗಿ ಕಾಣಬಹುದು, ಯಾಕೆಂದರೆ ಎರಡರಲ್ಲಿ ಬಳಸಿದ ಬಣ್ಣದ ಪುಡಿಗಳೇ ಬೇರೆ. ಪರದೆ, ಹೊದಿಕೆ ಏನಿದ್ದರೂ ರಾತ್ರಿಯ ಬೆಳಕಿನಲ್ಲೂ ಒಮ್ಮೆ ಹಲಗೆಯ ಪಕ್ಕ ಹಿಡಿದು ನೋಡಿ.

ಈಗ ಹಲಗೆ ಅಂದೆನಲ್ಲ, ಅದನ್ನು ವಿವರಿಸುತ್ತೇನೆ. ಗೋಡೆಯ ಮೇಲಿನ ಪಟ್ಟಿಗಳನ್ನು ಮರೆತುಬಿಡಿ. ಹೇಗಿದ್ದರೂ ಗಾಢ ಹಳದಿಯ ಮೇಲೆ ತಿಳಿ ಬಣ್ಣ ನೇರವಾಗಿ ಕೂರುವುದಿಲ್ಲ, ಮೊದಲು ಬಿಳಿ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ತಳಪದರ, ಬೇಕೇ ಬೇಕು. ಅದನ್ನು ಈಗಲೇ ಹೊಡೆಸಿಬಿಡಿ. ಹಳದಿಯ ಕಾಟ ಅಲ್ಲಿಗೆ ಮುಗಿಯುತ್ತದೆ. ಆಮೇಲೆ ಪ್ರತಿ ಬಣ್ಣಕ್ಕೂ ಎರಡು ಹಲಗೆ ಮಾಡಿಕೊಳ್ಳಿ. ದಪ್ಪ ರಟ್ಟು ಸಾಕು, ತೆಳು ಪ್ಲೈವುಡ್ ಇನ್ನೂ ಒಳ್ಳೆಯದು. ಒಂದೊಂದೂ ಎರಡಡಿಗೆ ಎರಡಡಿ ಇರಲಿ. ಪ್ರೈಮರ್ ಒಂದು ಕೋಟ್, ಬಣ್ಣ ಎರಡು ಕೋಟ್. ಗೋಡೆಗೆ ರೋಲರ್ ಬಳಸುವುದಾದರೆ ಹಲಗೆಗೂ ರೋಲರ್. ಒಣಗುವ ಮುಂಚೆ ತೀರ್ಪು ಕೊಡಬೇಡಿ. ನೀರು ಬೆರೆಯುವ ಎಮಲ್ಷನ್ ಹಸಿಯಾಗಿರುವಾಗ ಹಾಲಿನ ಹಾಗೆ ಬೆಳ್ಳಗಿರುತ್ತದೆ, ಒಣಗಿದಂತೆ ಗಾಢವಾಗುತ್ತದೆ. ಎರಡನೇ ಕೋಟ್ ಆಗಿ ಒಂದು ರಾತ್ರಿ ಕಳೆಯಲಿ.

ಎರಡು ಹಲಗೆ ಯಾಕೆ ಅಂದರೆ, ಅವನ್ನು ಅರ್ಧ ತೆರೆದ ಪುಸ್ತಕದ ಹಾಗೆ ಕೋಣೆಯ ಮೂಲೆಗೆ ನಿಲ್ಲಿಸಬೇಕು. ಒಂದು ಹಲಗೆ ಈ ಗೋಡೆಗೆ, ಒಂದು ಆ ಗೋಡೆಗೆ. ಹತ್ತಿರ ಹೋಗಿ, ಸುತ್ತಲಿನ ಪ್ರೈಮರ್ ಕಣ್ಣಿಗೆ ಬೀಳದ ಹಾಗೆ ಪುಸ್ತಕದ ಒಳಗೆ ನೋಡಿ. ಅಲ್ಲಿ ಎರಡು ಮುಖಗಳು ಒಂದಕ್ಕೊಂದು ಬೆಳಕು ಎಸೆದುಕೊಳ್ಳುತ್ತಿರುತ್ತವೆ. ಮಡಿಕೆಯ ಹತ್ತಿರ ಬಣ್ಣ ಕಡುವಾಗಿ, ಅಂಚಿಗೆ ಬಂದಂತೆ ತಿಳಿಯಾಗಿ ಕಾಣುತ್ತದೆ. ಪೂರ್ತಿ ಬಳಿದ ಕೋಣೆ ಆ ಮಡಿಕೆಯ ಹತ್ತಿರದ ಬಣ್ಣದ ಹಾಗಿರುತ್ತದೆ, ಅಂಚಿನ ಹಾಗಲ್ಲ. ನನ್ನ ಹಳದಿ ಕೋಣೆಗೆ ಮೊದಲೇ ಈ ಎರಡು ಹಲಗೆ ಮಾಡಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು. ಹಲಗೆಯನ್ನು ನೆಲದ ಮೇಲೆ, ಮೇಜಿನ ಮೇಲೆ ಮಲಗಿಸಿ ನೋಡಬೇಡಿ. ಮಲಗಿದ ಹಲಗೆಗೆ ಬೀಳುವ ಬೆಳಕೇ ಬೇರೆ, ನಿಂತ ಗೋಡೆಗೆ ಬೀಳುವುದೇ ಬೇರೆ. ಹಲಗೆಯನ್ನು ಬಿಳಿ ಪ್ರೈಮರಿನ ನಡುವೆ ದೂರದಿಂದ ನೋಡಿದರೆ ಯಾವ ಬಣ್ಣವಾದರೂ ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಅದಕ್ಕೆ ಹೆದರಿ ಇನ್ನೂ ತಿಳಿ ಬಣ್ಣಕ್ಕೆ ಹೋಗಬೇಡಿ.

ನೋಡುವುದರಲ್ಲಿ ಎರಡು ಥರ ಇದೆ. ಎರಡೂ ಬೇಕು, ಆದರೆ ಒಟ್ಟಿಗೆ ಅಲ್ಲ.

ಮೊದಲನೆಯದು ಜೋಡಿ ಮಾಡಿ ನೋಡುವುದು. ಮೂರನ್ನೂ ಸಾಲಾಗಿ ಇಡದೆ, ಎರಡೆರಡೇ ಇಡಿ. ಬೂದಿನ ಪಕ್ಕ ಇನ್ನೊಂದು ಬೂದು ಇಟ್ಟರೆ ಒಂದರಲ್ಲಿ ಹಸಿರಿದೆ, ಇನ್ನೊಂದರಲ್ಲಿ ನೇರಳೆಯಿದೆ ಎನ್ನುವುದು ತಟ್ಟನೆ ಗೊತ್ತಾಗುತ್ತದೆ. ಒಂಟಿಯಾಗಿ ಇಟ್ಟಾಗ ಎರಡೂ ಬರೀ ಬೂದು. ಅಡಗಿದ ಛಾಯೆ ಹಿಡಿಯಲು ಇನ್ನೊಂದು ದಾರಿ, ಅದೇ ಕಾರ್ಡು ಪಟ್ಟಿಯ ತುದಿಯಲ್ಲಿರುವ ಅತಿ ಗಾಢ ಬಣ್ಣವನ್ನು ನೋಡುವುದು. ಸಾಮಾನ್ಯವಾಗಿ ಒಂದು ಪಟ್ಟಿಯ ಬಣ್ಣಗಳು ಒಂದೇ ಕುಟುಂಬದವು. ತಿಳಿಯಲ್ಲಿ ಅಡಗಿದ್ದು ಗಾಢದಲ್ಲಿ ಬಯಲಾಗುತ್ತದೆ. ದಿಟ್ಟಿಸಿ ನೋಡುತ್ತಾ ಕೂರಬೇಡಿ. ಅರ್ಧ ನಿಮಿಷಕ್ಕೇ ಕಣ್ಣು ಒಗ್ಗಿಕೊಂಡು ಬಣ್ಣ ಮಾಸಲಾಗುತ್ತಾ ಹೋಗುತ್ತದೆ. ಹೊರಗೆ ಹೋಗಿ ಬನ್ನಿ, ಒಳಗೆ ಕಾಲಿಟ್ಟ ಮೊದಲ ಎರಡು ಸೆಕೆಂಡಿನಲ್ಲಿ ಏನನ್ನಿಸಿತೋ ಅದನ್ನು ಬರೆದಿಡಿ. ಬರೆಯಲೇಬೇಕು. ಬಣ್ಣದ ವಿಚಾರದಲ್ಲಿ ನೆನಪು ತುಂಬಾ ಕೈಕೊಡುತ್ತದೆ, ನಿನ್ನೆ ನೋಡಿದ್ದನ್ನು ಇರುವುದಕ್ಕಿಂತ ತೀವ್ರ ಮಾಡಿ ನೆನಪಿಟ್ಟುಕೊಂಡಿರುತ್ತೇವೆ.

ಎರಡನೆಯದು ಒಂದರ ಜೊತೆಗೇ ಇದ್ದು ನೋಡುವುದು. ಉಳಿದ ಹಲಗೆಗಳನ್ನೆಲ್ಲ ಕೋಣೆಯಾಚೆ ಇಟ್ಟು, ಒಂದೇ ಬಣ್ಣದ ಜೋಡಿಯನ್ನು ಪೂರ್ತಿ ಒಂದು ದಿನ ಒಳಗೆ ಬಿಡಿ. ನಿಮ್ಮ ಪಾಡಿಗೆ ಕೆಲಸ ಮಾಡಿ. ಜೋಡಿ ಮಾಡಿ ನೋಡುವಾಗ ನಾವು ವ್ಯತ್ಯಾಸವನ್ನು ಹುಡುಕುತ್ತಿರುತ್ತೇವೆ, ಹಾಗಾಗಿ ಹೆಚ್ಚು ತೀವ್ರವಾದ ಬಣ್ಣವೇ ಗೆಲ್ಲುತ್ತದೆ. ಒಂಟಿಯಾಗಿ ಇಟ್ಟಾಗ ಆ ಗೆದ್ದ ಬಣ್ಣವೇ ಮಧ್ಯಾಹ್ನದ ಹೊತ್ತಿಗೆ ಕಿರಿಕಿರಿ ಅನ್ನಿಸಬಹುದು. ಕೊನೆಗೆ ನೀವು ಬದುಕುವುದು ಒಂದೇ ಬಣ್ಣದ ನಡುವೆ ಅಲ್ವಾ?

ಯಾವ ಹೊತ್ತಿನಲ್ಲಿ ನೋಡಬೇಕು ಎನ್ನುವುದು ನಿಮ್ಮ ದಿನಚರಿಯಲ್ಲೇ ಇದೆ. ನೀವು ಕೆಲಸಕ್ಕೆ ಕೂರುವ ಹೊತ್ತು, ಮಲಗುವ ಮುಂಚಿನ ಹೊತ್ತು, ಈ ಎರಡಕ್ಕೆ ಜಾಸ್ತಿ ಬೆಲೆ ಕೊಡಿ. ಮುಸ್ಸಂಜೆಯಲ್ಲಿ ದೀಪ ಹಾಕುವ ಮುಂಚಿನ ಹತ್ತು ನಿಮಿಷಕ್ಕೆ ಬೆಲೆ ಕೊಡಬೇಡಿ. ಮಬ್ಬು ಬೆಳಕಿನಲ್ಲಿ ಕಣ್ಣಿನ ಕೆಲಸವೇ ಬದಲಾಗುತ್ತದೆ, ಕೆಂಪು ಕಪ್ಪಾಗುತ್ತದೆ, ಹಸಿರು-ನೀಲಿಗಳು ಹೊಳೆಯುತ್ತವೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದ ಮೊದಲ ಭಾಗದಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ನಿಮ್ಮ ಕಿಟಕಿ ಯಾವ ದಿಕ್ಕಿಗಿದೆ ಎಂದು ನೀವು ಬರೆದಿಲ್ಲ. ಪೂರ್ವಕ್ಕಿದ್ದರೆ ಬೆಳಿಗ್ಗೆ ಬೆಚ್ಚನೆಯ ಬೆಳಕು, ಮಧ್ಯಾಹ್ನದ ಮೇಲೆ ತಣ್ಣನೆಯದು. ಪಶ್ಚಿಮಕ್ಕಿದ್ದರೆ ಇದರ ತಿರುಗುಮುರುಗು. ನೇರ ಬಿಸಿಲೇ ಬೀಳದ ದಿಕ್ಕಾಗಿದ್ದರೆ ದಿನವಿಡೀ ಆಕಾಶದ ನೀಲಿ ಬೆಳಕು, ಆಗ ಬೂದು ಇನ್ನೂ ಕಷ್ಟ. ಮೊಬೈಲಿನಲ್ಲಿ ಫೋಟೊ ತೆಗೆದು ಹೋಲಿಸುವುದು ಬೇಡವೇ ಬೇಡ. ಕ್ಯಾಮೆರಾ ಪ್ರತಿ ಫೋಟೊಗೂ ಬಿಳಿ ಯಾವುದು ಎಂದು ತಾನೇ ಊಹಿಸಿ ಬಣ್ಣ ತಿದ್ದುತ್ತದೆ. ಹಲಗೆಯ ಸಂಖ್ಯೆ ನೆನಪಿಗೆ ಬೇಕಾದರೆ ತೆಗೆದಿಟ್ಟುಕೊಳ್ಳಿ, ಅಷ್ಟೇ.

ಇನ್ನು ನಿಮ್ಮ ಅಣ್ಣನ ಮಾತು. ಅದನ್ನು ತಳ್ಳಿಹಾಕಬೇಡಿ, ಅವರು ಹಟಕ್ಕೆ ಹೇಳುತ್ತಿಲ್ಲದೆ ಇರಬಹುದು. ಕೆಂಪು-ಹಸಿರು ಬಣ್ಣಗಳನ್ನು ಬೇರೆ ಮಾಡಿ ಗುರುತಿಸುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಕಡಿಮೆ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಜನರಿಗೆ ಹೀಗಿರುತ್ತದೆ. ಬೇರೆ ಜನಾಂಗಗಳಲ್ಲಿ ಪ್ರಮಾಣ ಬೇರೆ, ಎಲ್ಲೆಡೆಯೂ ಹೆಂಗಸರಲ್ಲಿ ತುಂಬಾ ವಿರಳ. ಅಂಥವರಿಗೆ ಮಾಸಲು ಹಸಿರು ಮತ್ತು ಬೂದು ಒಂದೇ ಆಗಿ ಕಾಣುವುದು ಸಹಜ. ವಯಸ್ಸಾದವರ ಕಣ್ಣಿನ ಮಸೂರ ಹಳದಿಯಾಗುತ್ತಾ ಬರುವುದರಿಂದ ನೀಲಿ ಅವರಿಗೆ ಸಪ್ಪೆಯಾಗಿ ಕಾಣುವುದೂ ಉಂಟು. ಅಣ್ಣನನ್ನು ಬಣ್ಣ ಯಾವುದು ಎಂದು ಕೇಳುವ ಬದಲು ತಿಳಿ ಯಾವುದು, ಗಾಢ ಯಾವುದು ಎಂದು ಕೇಳಿ. ಅದನ್ನು ಅವರು ನಿಮ್ಮಷ್ಟೇ ಚೆನ್ನಾಗಿ ಹೇಳಬಲ್ಲರು. ಆದರೆ ಕೋಣೆಯಲ್ಲಿ ಇರುವವರು ನೀವಾದರೆ ಕೊನೆಯ ಮಾತು ನಿಮ್ಮದೇ ಆಗಬೇಕು.

ಮೆರುಗಿನ ಬಗ್ಗೆ ಎರಡೇ ಮಾತು. ಒಂದೇ ಬಣ್ಣ ಮ್ಯಾಟ್‌ನಲ್ಲಿ ತುಸು ತಿಳಿಯಾಗಿ, ಹೊಳಪಿನಲ್ಲಿ ಗಾಢವಾಗಿ ಕಾಣುತ್ತದೆ, ಆದ್ದರಿಂದ ಹಲಗೆಗೂ ಗೋಡೆಗೂ ಮೆರುಗು ಒಂದೇ ಇರಲಿ. ಕಿಟಕಿ ಒಂದೇ ಇರುವ ಕೋಣೆಯಲ್ಲಿ ಬೆಳಕು ಓರೆಯಾಗಿ ಬೀಳುತ್ತದೆ, ಹೊಳಪಿದ್ದರೆ ಗೋಡೆಯ ಪ್ರತಿ ಉಬ್ಬು-ತಗ್ಗೂ ಎದ್ದು ಕಾಣುತ್ತದೆ.

ಯಾವ ಬಣ್ಣ ಮನಸ್ಸಿಗೆ ಶಾಂತಿ ಕೊಡುತ್ತದೆ ಎಂದು ಯಾರಾದರೂ ಪಟ್ಟಿ ಕೊಟ್ಟರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಒಂದು ಬಂದೀಖಾನೆಯಲ್ಲಿ ಕೋಣೆಗೆ ಗುಲಾಬಿ ಬಣ್ಣ ಬಳಿದು, ಅದರಿಂದ ಕೈದಿಗಳ ರೋಷ ಇಳಿಯಿತು ಎಂದು ಹೇಳಲಾಗಿತ್ತು. ಆಮೇಲೆ ಹೆಚ್ಚು ಕಟ್ಟುನಿಟ್ಟಾಗಿ ನಡೆಸಿದ ಪರೀಕ್ಷೆಗಳಲ್ಲಿ ಆ ಪರಿಣಾಮ ಕಾಣಲಿಲ್ಲ. ನಿಮಗೆ ಹಿತವಾದದ್ದು ನಿಮಗೆ ಹಿತ, ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇಷ್ಟೆಲ್ಲ ಹೇಳಿ, ನನ್ನ ಅಂದಾಜು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಸಲು ತಿಳಿಹಸಿರನ್ನೇ ಮುಂದಿಟ್ಟುಕೊಂಡು ಶುರು ಮಾಡುತ್ತಿದ್ದೆ. ಎಲ್‌ಆರ್‌ವಿ 68-70, ನೀಲಿಗಿಂತ ಹಳದಿಯ ಕಡೆಗೆ ವಾಲುವ ಹಸಿರು, ಕಾರ್ಡಿನಲ್ಲಿ ಹಸಿರೋ ಬೂದೋ ಎಂದು ಅನುಮಾನ ಬರುವಷ್ಟು ಮಾಸಲು. ಅದರ ಎದುರಾಳಿಯಾಗಿ ಈಗಿನ ಬೂದಿನ ಬದಲು ತುಸು ಹಳದಿ-ಕಂದು ಬೆರೆತ ಬೆಚ್ಚನೆಯ ಬೂದನ್ನು ಇಡುತ್ತಿದ್ದೆ. ಕೆನೆಬಿಳಿಯನ್ನು ಗೋಡೆಯಿಂದ ತೆಗೆದು ಛಾವಣಿಗೂ ಹಾಕುತ್ತಿರಲಿಲ್ಲ. ಛಾವಣಿಗೆ ಬರುವ ಬೆಳಕಿನಲ್ಲಿ ನೆಲದಿಂದ ಎದ್ದ ಕೆಂಪಿನ ಪಾಲು ದೊಡ್ಡದು. ಅಲ್ಲಿಗೆ ಬಣ್ಣ ಬೆರೆಸದ ಬಿಳಿಯೇ ಸಾಕು, ನೆಲ ತಾನೇ ಅದನ್ನು ಬೆಚ್ಚಗೆ ಮಾಡುತ್ತದೆ.

ಒಂದು ತೀರ್ಮಾನಕ್ಕೆ ಬಂದ ಮೇಲೆ ಪೂರ್ತಿ ಕೋಣೆಗೆ ಬೇಕಾದಷ್ಟನ್ನು ಒಂದೇ ಸಲ ಮಿಶ್ರಣ ಮಾಡಿಸಿ. ಎರಡು-ಮೂರು ಡಬ್ಬಿ ಇದ್ದರೆ ಎಲ್ಲವನ್ನೂ ಒಂದು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ, ಆಮೇಲೆ ಶುರು ಮಾಡಿ. ಒಂದೇ ನಂಬರಿನ ಎರಡು ಡಬ್ಬಿಗಳ ನಡುವೆ ಕೂಡ ಕೂದಲೆಳೆಯ ವ್ಯತ್ಯಾಸ ಇರಬಹುದು. ಅದು ಗೋಡೆಯ ನಡುವೆ ಬಂದರೆ ಗೆರೆ ಎಳೆದಂತೆ ಕಾಣುತ್ತದೆ. ಮುಚ್ಚಳದ ಮೇಲಿನ ಮಿಶ್ರಣದ ಚೀಟಿಯನ್ನು ಕಿತ್ತು, ಹಲಗೆಯ ಬೆನ್ನಿಗೆ ಅಂಟಿಸಿಡಿ.

ಪ್ರೈಮರ್ ಒಣಗಿ, ಹಲಗೆ ಮೂಲೆಗೆ ಬಂದ ಮೇಲೂ ಮೂರನೇ ರಾತ್ರಿ ಹಸಿರು ಮಂಕಾಗೇ ಕಂಡರೆ, ಬಣ್ಣ ಬದಲಿಸುವ ಮುಂಚೆ ಒಂದು ಬಲ್ಬು ಬದಲಿಸಿ ನೋಡಿ: 3000 ಕೆಲ್ವಿನ್, ಸಿಆರ್‌ಐ 90ಕ್ಕಿಂತ ಮೇಲೆ. ಅದರಲ್ಲೂ ಮನಸ್ಸು ಒಪ್ಪದಿದ್ದರೆ ಬೆಚ್ಚನೆಯ ಬೂದಿನ ಹಲಗೆಗಳನ್ನು ಅದೇ ಮೂಲೆಗೆ ತಂದು ನಿಲ್ಲಿಸಿ.